ಸೀಸೆಯೊಳಗಿನ ಕಟಿಂಗ್ ಶಾಪು

ಗಂಡಸು ಸೆಂಟು ಹಾಕಿಕೊಂಡರೆ ನಮ್ಮ ಕಡೆ ಅದಕ್ಕೆ ಎರಡೇ ಅರ್ಥ. ಒಂದು, ಮದುವೆ ಮನೆಗೆ ಹೊರಟಿದ್ದಾನೆ. ಎರಡು, ಬಾಯಿಂದ ಬರುವ ಬೇರಾವುದೋ ವಾಸನೆಯನ್ನು ಮುಚ್ಚಿಡುತ್ತಿದ್ದಾನೆ. ಮನುಷ್ಯ ಸುಮ್ಮನೆ ತನ್ನ ಖುಷಿಗೆ ಘಮ್ಮೆನ್ನುತ್ತಿರಬಹುದು ಎಂಬ ಮೂರನೆಯ ಸಾಧ್ಯತೆಯನ್ನು ಒಪ್ಪುವಷ್ಟು ಉದಾರಿಗಳು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಬೇಕಾದರೆ ಸೋಮವಾರ ಬೆಳಗ್ಗೆ ಸೆಂಟು ಹಾಕಿಕೊಂಡು ಹಾಲಿನ ಅಂಗಡಿಗೆ ಹೋಗಿ ನೋಡಿ. "ಏನ್ ಸಾರ್, ಫಂಕ್ಷನ್ನಾ?" ಎಂದು ಕೇಳುತ್ತಾನೆ. ಇಲ್ಲಪ್ಪ ಎಂದಿರೋ, ಅವನ ಲೆಕ್ಕ ತಕ್ಷಣ ಎರಡನೆಯ ಅರ್ಥಕ್ಕೆ ಹೊರಳುತ್ತದೆ. ಚಿಲ್ಲರೆ ಕೊಡುವಾಗ ಸ್ವಲ್ಪ ದೂರ ನಿಂತೇ ಕೊಡುತ್ತಾನೆ. ಆದ್ದರಿಂದ ಹೌದು ಎಂದುಬಿಡುವುದೇ ಕ್ಷೇಮ. ನಮ್ಮ ಬೀದಿಯವರ ಲೆಕ್ಕದಲ್ಲಿ ನಾನು ಈಚೆಗೆ ದಿನಾ ಒಂದು ಮದುವೆ ಊಟ ಮಾಡುತ್ತಿದ್ದೇನೆ.

ಇದಕ್ಕೆಲ್ಲ ಮೂಲ ನಮ್ಮಕ್ಕನ ಮಗ. ಮಿಲಾನ್‌ನಲ್ಲಿ ಕೆಲಸ. ಹಿಂದೆಲ್ಲ ಊರಿಗೆ ಬರುವಾಗ ಚಾಕೊಲೇಟ್ ತರುತ್ತಿದ್ದ. ಮಾಮನಿಗೆ ಶುಗರ್ ಬಂದಿದೆ ಎಂಬ ಸುದ್ದಿ ಸಮುದ್ರ ದಾಟಿ ತಲುಪಿದ ಮೇಲೆ, ತಿನ್ನಲಾಗದ ಸಿಹಿಯನ್ನು ಮೈಗಾದರೂ ಬಳಿದುಕೊಳ್ಳಲಿ ಪಾಪ ಎಂದುಕೊಂಡನೋ ಏನೋ, ಈ ಸಲ ಒಂದು ಸೀಸೆ ತಂದ. ಬಣ್ಣ ಕಷಾಯದ್ದು. ಮುಚ್ಚಳ ಮಾತ್ರ ಸೀಸೆಗಿಂತ ಭಾರ. "ಮಾಮ, ಇದು ಬಾರ್ಬರ್‌ಶಾಪ್ ಸ್ಟೈಲ್. ಸಿಹಿ ಬಾದಾಮಿ, ಗಂಧ. ಹಳೇ ಕಾಲದ ಇಟಲಿಯ ಕ್ಷೌರದಂಗಡಿಯಿಂದ ಈಗಷ್ಟೇ ಎದ್ದು ಬಂದ ಜಂಟಲ್‌ಮನ್ ಥರ ಇರುತ್ತೆ" ಎಂದ.

ಕ್ಷೌರದಂಗಡಿಯಿಂದ ಈಗಷ್ಟೇ ಎದ್ದು ಬಂದವನು! ನಮ್ಮ ಮನೆಯಲ್ಲಿ ಆ ಸ್ಥಿತಿಯ ಮನುಷ್ಯನಿಗೆ ಮುಂಬಾಗಿಲೇ ಇರಲಿಲ್ಲ. ಹಿತ್ತಿಲಿನಿಂದ ಬರಬೇಕು. ಬರುವಾಗ ಗೋಡೆ ಮುಟ್ಟಬಾರದು, ಒಣಹಾಕಿದ ಬಟ್ಟೆ ಮುಟ್ಟಬಾರದು, ಅಡ್ಡ ಬಂದ ತಂಗಿಯನ್ನಂತೂ ಮುಟ್ಟಲೇಬಾರದು. ತಂಗಿ ಬೇಕೆಂದೇ ಅಡ್ಡ ಬರುತ್ತಿದ್ದಳು, ಆ ಮಾತು ಬೇರೆ. ಬಚ್ಚಲ ಬಾಗಿಲಲ್ಲಿ ಅಜ್ಜಿ ಚೊಂಬು ಹಿಡಿದು ನಿಂತಿರುತ್ತಿದ್ದಳು. ಉಟ್ಟ ಬಟ್ಟೆ ನೇರ ಬಕೆಟ್ಟಿಗೆ, ತಲೆಯ ಮೇಲೆ ಮೊದಲ ಚೊಂಬು ದೂರದಿಂದಲೇ. ಉದುರಿದ ಕೂದಲು ಅನ್ನಕ್ಕೆ ಬೀಳುತ್ತದೆ ಎಂಬುದು ಬಾಯಲ್ಲಿ ಹೇಳುತ್ತಿದ್ದ ಕಾರಣ. ಒಳಗಿನ ಕಾರಣವನ್ನು ಹೇಳುವ ಅಗತ್ಯವೇ ಇಲ್ಲದಂತೆ ಎಲ್ಲರಿಗೂ ಗೊತ್ತಿತ್ತು. ಕೊರಳಿನ ಮೇಲೆ ಕತ್ತಿ ಆಡಿಸಿಯೂ ಒಂದು ಗೀರು ಬೀಳದಂತೆ ನೋಡಿಕೊಂಡ ಕೈ ಅದು. ಆ ಕೈಯ ಗುರುತನ್ನು ತೊಳೆದು ಹಾಕುವ ತನಕ ನಮಗೆ ಕಾಫಿ ಇಲ್ಲ. ಈಗ ಅದೇ ಅಂಗಡಿಯ ವಾಸನೆಯನ್ನು ಯೂರೋ ಲೆಕ್ಕದಲ್ಲಿ ಕೊಂಡು, ಸ್ನಾನವಾದ ಮೇಲೆ, ಮೈಗೆ ಹಚ್ಚಿಕೊಳ್ಳಬೇಕು. ಅಜ್ಜಿ ಇದ್ದಿದ್ದರೆ ಚೊಂಬಿನ ಜೊತೆ ಸೀಸೆಯನ್ನೂ ಎತ್ತಿ ಎಸೆಯುತ್ತಿದ್ದಳು.

ಅಷ್ಟಕ್ಕೆ ಮುಗಿಯಲಿಲ್ಲ, ಅದರೊಳಗೆ ಗಂಧವೂ ಇದೆ. ಗಂಧ ಎಂದರೆ ದೇವರ ಮನೆ. ಸಾಣೆಕಲ್ಲು, ಕೊರಡು, ತಂಬಿಗೆಯಿಂದ ಬೆರಳಲ್ಲಿ ಚಿಮುಕಿಸಿದ ನೀರು. ಅಂದರೆ ಒಂದೇ ಸೀಸೆಯಲ್ಲಿ ಹಿತ್ತಿಲ ಬಾಗಿಲೂ ಇದೆ, ಗರ್ಭಗುಡಿಯೂ ಇದೆ. ಇದನ್ನು ಹಾಕಿಕೊಂಡವನು ಮೈಲಿಗೆಯೋ ಮಡಿಯೋ ಎಂಬ ಪ್ರಶ್ನೆಗೆ ಯಾವ ಧರ್ಮಶಾಸ್ತ್ರವೂ ಉತ್ತರ ಬರೆದಿಟ್ಟಿಲ್ಲ. ಇಟಲಿಯವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವನು ಒಳ್ಳೆಯ ಮನಸ್ಸಿನಿಂದಲೇ ಬೆರೆಸಿದ್ದಾನೆ.

ಸರಿ, ಶೇವ್ ಮಾಡಿಕೊಂಡು, ಕೊರಳಿಗೆ ಎರಡು ಸಲ ಪುಸ್ ಎನ್ನಿಸಿದೆ. ಮೊದಲು ಬರುವುದು ಉರಿ. ಹಸಿ ಚರ್ಮಕ್ಕೆ ಆಲ್ಕೋಹಾಲ್ ಬಿದ್ದರೆ ಇಟಲಿಯಾದರೇನು, ಇಳಕಲ್ಲಾದರೇನು? ಉರಿ ಆರುತ್ತಿದ್ದಂತೆ ಬಾದಾಮಿ ಎದ್ದು ಬಂತು. ಎಂಥ ಬಾದಾಮಿ ಅಂತೀರಿ! ಮದುವೆ ಮನೆಯಲ್ಲಿ ದೊಡ್ಡ ಕೊಳದಪ್ಪಲೆಯಲ್ಲಿ ಕೇಸರಿ ಬಣ್ಣದ ಬಾದಾಮಿ ಹಾಲು ಕುದಿಯುತ್ತಿರುತ್ತದಲ್ಲ, ಅದಕ್ಕೆ ಅಡುಗೆಯವರು ಕೊನೆಯಲ್ಲಿ ಸಣ್ಣ ಸೀಸೆಯಿಂದ ನಾಲ್ಕು ಹನಿ ಎಸೆನ್ಸ್ ಬಿಡುತ್ತಾರಲ್ಲ, ಅದೇ. ಅದರ ಹಿಂದೆಯೇ ಬೇಕರಿಯ ಕೆಂಪು ಚೆರ್ರಿ, ಅದರ ಹಿಂದೆ ಚಿಕ್ಕಂದಿನ ಕೆಮ್ಮಿನ ಸಿರಪ್ಪು, ಇವೆಲ್ಲವನ್ನೂ ಒಂದು ಪದರ ಪೌಡರು ಮುಚ್ಚಿಕೊಂಡಿದೆ. ಕನ್ನಡಿಯಲ್ಲಿ ನೋಡಿಕೊಂಡೆ. ಜಂಟಲ್‌ಮನ್ ಕಾಣಲಿಲ್ಲ. ಅಡುಗೆಮನೆಯಿಂದ ಇವಳ ದನಿ ಮಾತ್ರ ಕೇಳಿತು: "ರೀ, ಫ್ರಿಜ್ಜಲ್ಲಿದ್ದ ಬಾದಾಮಿ ಪೌಡರಿಗೆ ಕೈ ಹಾಕಿದ್ರಾ? ಶುಗರ್ ಇಟ್ಕೊಂಡು!"

ತಿನ್ನದ ಸಿಹಿಗೆ ಬೈಸಿಕೊಳ್ಳುವುದು ಸಕ್ಕರೆ ರೋಗಿಯ ಜೀವನದ ಅತ್ಯಂತ ದೊಡ್ಡ ಅನ್ಯಾಯ.

ಈ ಬಾದಾಮಿಯ ವ್ಯವಹಾರದಲ್ಲಿ ಒಂದು ತಮಾಷೆಯಿದೆ. ನಾವು ರಾತ್ರಿ ನೆನೆಹಾಕಿ ಬೆಳಗ್ಗೆ ಸಿಪ್ಪೆ ಸುಲಿದು, ಬುದ್ಧಿ ಬರಲಿ ಎಂದು ಮಕ್ಕಳ ಬಾಯಿಗೆ ತುರುಕುವ ಬಾದಾಮಿ ಇದೆಯಲ್ಲ, ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ. ವಾಸನೆಯೇ ಇಲ್ಲ ಎನ್ನಬೇಕು. ಸಿಹಿ ಬಾದಾಮಿಯ ಎಣ್ಣೆಯೂ ಅಷ್ಟೇ ಸಪ್ಪೆ. ಲೋಕವೆಲ್ಲ ಬಾದಾಮಿಯ ಪರಿಮಳ ಎಂದು ಕರೆಯುವುದು ಕಹಿ ಬಾದಾಮಿಯದು. ಕಹಿ ಬಾದಾಮಿಯಲ್ಲಿ ಅಮಿಗ್ಡಾಲಿನ್ ಎಂಬ ವಸ್ತು ಇದೆ. ಕುಟ್ಟಿ ನೀರು ಹಾಕಿದರೆ ಅದು ಒಡೆದು ಎರಡು ಪದಾರ್ಥ ಹೊರಬರುತ್ತವೆ. ಒಂದು ಬೆಂಜಾಲ್ಡಿಹೈಡ್, ಘಮಘಮಿಸುವ ಭಾಗ. ಇನ್ನೊಂದು ಹೈಡ್ರೋಜನ್ ಸಯನೈಡ್, ಬೇರೆ ಲೋಕಕ್ಕೆ ಟಿಕೆಟ್ ಕೊಡುವ ಭಾಗ. ಪತ್ತೇದಾರಿ ಕಾದಂಬರಿಗಳಲ್ಲಿ ಹೆಣದ ಹತ್ತಿರ ಬಗ್ಗಿದ ಪತ್ತೇದಾರ "ಆಹಾ, ಬಾದಾಮಿ ವಾಸನೆ!" ಎಂದು ತಟಕ್ಕನೆ ಎದ್ದು ನಿಲ್ಲುವುದು ಇದೇ ಕಾರಣಕ್ಕೆ. ಹಿಂದೆ ಕಹಿ ಬಾದಾಮಿಯ ಎಣ್ಣೆ ತೆಗೆದು, ವಿಷ ಬೇರ್ಪಡಿಸಿ, ಉಳಿದದ್ದನ್ನು ಸೆಂಟಿಗೂ ತಿಂಡಿಗೂ ಬಳಸುತ್ತಿದ್ದರು. ಆಪ್ರಿಕಾಟ್ ಬೀಜದಿಂದಲೂ ಅದೇ ಎಣ್ಣೆ ಬರುತ್ತದೆ. ಈಗ ಬಹುಪಾಲು ಕಾರ್ಖಾನೆಯಲ್ಲೇ ಟೊಲುಯೀನ್‌ನಿಂದ ಮಾಡುತ್ತಾರೆ. ಬಾದಾಮಿ ಮರಕ್ಕೆ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. 19ನೇ ಶತಮಾನದಲ್ಲಿ ಅಗ್ಗದ ಸಾಬೂನುಗಳಿಗೆ ಇದನ್ನೂ ಹಾಕದೆ, ಬಾದಾಮಿಯ ವಾಸನೆಯೇ ಇರುವ ನೈಟ್ರೊಬೆಂಜೀನ್ ಎಂಬ ವಿಷವನ್ನು ಮಿರ್ಬೇನ್ ಎಣ್ಣೆ ಎಂಬ ಮುದ್ದಾದ ಹೆಸರಿಟ್ಟು ಸೇರಿಸುತ್ತಿದ್ದರು.

ಬಾದಾಮಿಯ ಮೇಲೆ ಕುಳಿತ ಆ ಪೌಡರಿನ ನಯ ಹೆಲಿಯೊಟ್ರೊಪಿನ್ ಎಂಬುದರದು. ಇದನ್ನು ಕರಿಮೆಣಸಿನ ಖಾರದ ಸಾರವಾದ ಪೈಪರಿನ್‌ನಿಂದಲೂ ತಯಾರಿಸಬಹುದು ಎಂದು 19ನೇ ಶತಮಾನದ ರಸಾಯನಶಾಸ್ತ್ರಿಗಳೇ ಮಾಡಿ ತೋರಿಸಿದ್ದಾರೆ. ಮಲೆನಾಡಿನ ನಮ್ಮ ನೆಂಟರೊಬ್ಬರಿಗೆ ಈ ವಿಷಯ ಹೇಳಿದೆ. "ಹೌದಾ? ಈಗ ಕ್ವಿಂಟಾಲಿಗೆ ರೇಟ್ ಎಷ್ಟು ಮಾಡ್ತಾರಂತೆ?" ಎಂದರು. ಸುಗಂಧದ ಕಾವ್ಯ ಅವರಿಗೆ ಮಂಡಿಯ ಬಾಗಿಲ ತನಕ ಮಾತ್ರ.

ಹಾಗಾದರೆ ಕ್ಷೌರದಂಗಡಿಗೂ ಈ ವಾಸನೆಗೂ ಎಲ್ಲಿಯ ನಂಟು? ಸೆಂಟಿನ ಲೋಕದಲ್ಲೂ ಜಾತಿಗಳಿವೆ. ಅದರಲ್ಲಿ ಕ್ಷೌರದಂಗಡಿಯದು ಉತ್ತಮ ಕುಲ. ನಮ್ಮಜ್ಜಿ ಕೇಳಬೇಕಿತ್ತು ಈ ಮಾತನ್ನು. ಆ ಕುಲದ ಮೂಲಪುರುಷ 1882ರಲ್ಲಿ ಪ್ಯಾರಿಸ್ಸಿನ ಹೂಬಿಗಾಂ ಎಂಬ ಹಳೆಯ ಮನೆತನದಿಂದ ಹೊರಬಂದ ಫೂಜೇರ್ ರೊಯಾಲ್. ಮಾಡಿದವನು ಪಾಲ್ ಪಾರ್ಕೆ. ಕಾಡಿನ ಜರೀಗಿಡದ ಹೆಸರಿಟ್ಟ. ಜರೀಗಿಡಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಲ್ಯಾವೆಂಡರ್, ಓಕ್ ಮರದ ಮೇಲಿನ ಕಲ್ಲುಹೂವು, ಇವುಗಳ ಜೊತೆಗೆ ಅವನು ಕೂಮರಿನ್ ಬೆರೆಸಿದ. ದಕ್ಷಿಣ ಅಮೆರಿಕದ ಟೊಂಕಾ ಬೀಜದಲ್ಲಿ ಸಿಗುವ ಈ ಕೂಮರಿನ್ ಅನ್ನು 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಪ್ರಯೋಗಶಾಲೆಯಲ್ಲೇ ತಯಾರಿಸಿದ್ದ. ಹದಿಹರೆಯದಲ್ಲೇ ಕೃತಕ ನೇರಳೆ ಬಣ್ಣ ಕಂಡುಹಿಡಿದು ಹೆಸರಾದವನು ಇವನೇ. ಕೂಮರಿನ್ ವಾಸನೆ ಅರ್ಧ ಒಣಹುಲ್ಲು, ಅರ್ಧ ಬಾದಾಮಿ. ಆಮೇಲೆ ಈ ಮೇಳ ಶೇವಿಂಗ್ ಸೋಪಿಗೆ, ಕ್ಷೌರದ ನಂತರದ ಲೋಷನ್ನಿಗೆ, ಕುತ್ತಿಗೆಗೆ ಬಡಿಯುವ ಪೌಡರಿಗೆ ಇಳಿಯಿತು. ಯುರೋಪಿನ ಗಂಡಸರು ತಲೆತಲಾಂತರದಿಂದ ಕುರ್ಚಿಯಲ್ಲಿ ಒರಗಿ, ಬಿಸಿ ಟವಲಿನೊಳಗೆ ಕಣ್ಮುಚ್ಚಿ ಇದನ್ನೇ ಉಸಿರಾಡಿದರು. ಅಪ್ಪನ ಕೆನ್ನೆಯ ವಾಸನೆ ಎಂದರೆ ಅವರಿಗೆ ಇದೇ.

ಇಟಲಿಯವರ ಹಾಡಿನಲ್ಲಿ ಬಾದಾಮಿಯ ಸ್ವರ ಸ್ವಲ್ಪ ಜೋರು. ಮಿಲಾನಿನಲ್ಲೇ 1899ರಿಂದ ಹೆಸರಾದ ಚೆಲ್ಲಾ ಎಂಬ ಶೇವಿಂಗ್ ಸೋಪ್ ಇದೆ; ಬೆಣ್ಣೆಯಷ್ಟು ಮೆತ್ತಗೆ, ಬಾದಾಮಿ ವಾಸನೆ. ಕ್ಷೌರಿಕರಿಗೆಂದು ಅದನ್ನು ಒಂದು ಕಿಲೋ ಗಟ್ಟಿಯಾಗಿಯೇ ಮಾರುತ್ತಾರೆ. ನಮ್ಮವರು ಬೆಲ್ಲದಚ್ಚು ತಂದಂತೆ ಅವರು ಅದನ್ನು ತಂದಿಟ್ಟುಕೊಂಡು ಕೆರೆದು ಬಳಸುತ್ತಾರೆ. ಫ್ಲಾರೆನ್ಸಿನ ಪ್ರೊರಾಸೊ ಕಂಪನಿಯವರು ಹಸಿರು ಡಬ್ಬಿಯಲ್ಲಿ ನೀಲಗಿರಿ, ಕೆಂಪು ಡಬ್ಬಿಯಲ್ಲಿ ಗಂಧ ಕೊಡುತ್ತಾರೆ. ಕೆಂಪಿನದು ಒರಟು ಗಡ್ಡದವರಿಗಂತೆ. ಅಂದರೆ ನನ್ನ ಸೀಸೆಯನ್ನು ಬೆರೆಸಿದಾತನಿಗೆ ಬಾದಾಮಿಯೂ ಗಂಧವೂ ಮನೆಯ ಪಕ್ಕದ ಕ್ಷೌರದಂಗಡಿಯ ಗೂಡಿನಲ್ಲೇ ಸಿಕ್ಕಿವೆ. ಹಳೆಯ ಯುರೋಪಿನ ಶೇವಿಂಗ್ ಸೋಪುಗಳಲ್ಲಿ ದನದ ಕೊಬ್ಬು ಇರುತ್ತಿತ್ತು ಎಂಬುದನ್ನು ಮಾತ್ರ ನಾನು ನಮ್ಮ ಸೋದರತ್ತೆಯ ಕಿವಿಗೆ ಹಾಕಿಲ್ಲ. ಮನೆಯ ನೆಮ್ಮದಿಯೂ ಮುಖ್ಯ.

ಅಕ್ಕನ ಮಗ ಇನ್ನೊಂದು ಹೇಳಿದ. ಅವನ ಆಫೀಸಿನ ಇಟಲಿಯ ಹುಡುಗಿಯೊಬ್ಬಳು ಇದೇ ಸೆಂಟನ್ನು ಮೂಸಿ "ನಮ್ಮ ಸ್ಕೂಲು!" ಎಂದಳಂತೆ. ಕಾರಣ ಕೊಕ್ಕೊಯಿನಾ. 1920ರ ದಶಕದಿಂದ ಅಲ್ಲಿಯ ಮಕ್ಕಳು ಕಾಗದ ಅಂಟಿಸಲು ಬಳಸುತ್ತ ಬಂದಿರುವ ಬಿಳಿ ಗೋಂದು. ಪುಟ್ಟ ಡಬ್ಬಿ, ಒಳಗೆ ಪುಟ್ಟ ಬ್ರಷ್ಷು, ವಾಸನೆ ಬಾದಾಮಿಯದೇ. ಗಂಡಸುತನ, ಮೀಸೆ, ಬಿಸಿ ಟವಲು, ಜಂಟಲ್‌ಮನ್, ಎಲ್ಲ ಬದಿಗಿರಲಿ. ಅವಳಿಗೆ ಕಂಡದ್ದು ಎರಡನೇ ಕ್ಲಾಸಿನ ಕ್ರಾಫ್ಟ್ ಪೀರಿಯಡ್ಡು. ನನಗೆ ಸಮಾಧಾನವಾಯಿತು. ಇವಳಿಗೆ ಬಾದಾಮಿ ಹಾಲು ಕಂಡದ್ದು ನಮ್ಮ ನಾಡಿನ ಹಿಂದುಳಿದ ಮೂಗಿನ ದೋಷವೇನಲ್ಲ. ಸೀಸೆಯ ಮೇಲೆ ಕಂಪನಿಯವರು ಏನೇ ಬರೆಯಲಿ, ಮೂಗು ತನ್ನ ಊರಿನ ಪುಸ್ತಕವನ್ನೇ ಓದುತ್ತದೆ.

ಅರ್ಧ ಗಂಟೆ ಕಳೆದರೆ ಬಾದಾಮಿಯ ಅಬ್ಬರ ತಗ್ಗುತ್ತದೆ. ಹಗುರವಾದ ಅಣು, ಬೇಗ ಹಾರಿಹೋಗುತ್ತದೆ. ಗಂಧಕ್ಕೆ ಅಂಥ ಅವಸರವಿಲ್ಲ. ಗಂಧದೆಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಭಾರದ ಅಣು. ಬಾದಾಮಿ ಎದ್ದು ಹೋದ ಮೇಲೆ ನಿಧಾನವಾಗಿ ಕುಳಿತುಕೊಂಡು, ಸಂಜೆಯವರೆಗೂ ಏಳುವುದಿಲ್ಲ. ನಾನು ಹೊರಗೆ ಹೊರಡುವುದು ಸಾಮಾನ್ಯವಾಗಿ ಈ ಹೊತ್ತಿಗೆ. ಆಟೋ ಹತ್ತಿದರೆ ಚಾಲಕ ಕನ್ನಡಿಯಲ್ಲಿ ನೋಡಿ, "ಪೂಜೆ ಮುಗಿಸ್ಕೊಂಡು ಬರ್ತಿದ್ದೀರಾ ಸಾರ್? ಸತ್ಯನಾರಾಯಣ ಅಲ್ವಾ?" ಎನ್ನುತ್ತಾನೆ. ಬ್ಯಾಂಕಿನಲ್ಲಿ ಕ್ಯೂನ ಮುಂದಿದ್ದ ಹಿರಿಯರೊಬ್ಬರು ಹಿಂದಕ್ಕೆ ತಿರುಗಿ ಪ್ರಸಾದ ಇದೆಯೇ ಎಂಬಂತೆ ನನ್ನ ಕೈಚೀಲ ನೋಡಿದರು. ಗಂಧದ ಜೊತೆ ಉಳಿದ ಚೂರುಪಾರು ಬಾದಾಮಿಯ ಸಿಹಿ ಸೇರಿದರೆ ಸಜ್ಜಿಗೆ ಬರುತ್ತಿದೆ ಎಂದು ಯಾರಿಗಾದರೂ ಆಸೆ ಹುಟ್ಟಬೇಕಾದದ್ದೇ. ಸೋದರತ್ತೆ ಮಾತ್ರ ತಪ್ಪೇ ಹುಡುಕಲಿಲ್ಲ. ಹತ್ತಿರ ಕೂರಿಸಿಕೊಂಡು, "ಈ ವಯಸ್ಸಲ್ಲಾದ್ರೂ ದಿನಾ ಗಂಧ ತೇಯ್ದು ದೇವರಿಗೆ ಇಡೋ ಬುದ್ಧಿ ಬಂತಲ್ಲ" ಎಂದು ತಲೆ ಸವರಿದರು. ನಾನು ಸುಮ್ಮನಿದ್ದೆ. ಸೀಸೆಯ ಮೇಲಿದ್ದ ಮೀಸೆಯ ಚಿತ್ರವನ್ನು ಅವರಿಗೆ ತೋರಿಸಿ ಸಾಧಿಸುವುದೇನಿದೆ?

ಯುರೋಪಿನವರ ಸೀಸೆಗಳಲ್ಲಿ ಗಂಧವೆಂದರೆ ಗಂಡಸಿನ ಮರ. ಹರವಾದ ಎದೆ, ಚರ್ಮದ ಸೋಫಾ, ಕೈಯಲ್ಲಿ ಗ್ಲಾಸು. ಅದಕ್ಕೇ 'ಫಾರ್ ಮೆನ್' ಎಂಬ ಚೀಟಿ. ಈ ಚೀಟಿಗಳ ಯೋಗ್ಯತೆ ಗೊತ್ತಿಲ್ಲವೇ? ಗಂಡಸರ ಗಂಡಸು ಎಂದು ಹಡಗಿನ ಚಿತ್ರ ಹಾಕಿಕೊಂಡು ಮೆರೆದ ಓಲ್ಡ್ ಸ್ಪೈಸ್ 1937ರಲ್ಲಿ ಮೊದಲು ಬಂದದ್ದು ಹೆಂಗಸರಿಗೆಂದು. ಗಂಡಸರದು ಬಂದದ್ದು ಮರುವರ್ಷ. ನಮ್ಮಲ್ಲಂತೂ ಗಂಧಕ್ಕೆ ಗಂಡು ಹೆಣ್ಣೆಂಬ ಭೇದವೇ ಇಲ್ಲ; ಮದುವಣಿಗನಿಗೂ ಅದೇ, ಮದುವಣಗಿತ್ತಿಗೂ ಅದೇ, ಕೊನೆಗೆ ಚಟ್ಟಕ್ಕೂ ಕೈಲಾದವರಿಗೆ ಅದೇ. ಸೆಂಟು ಹಾಕುವ ಗಂಡಸು ಶೋಕಿಲಾಲ ಎನ್ನುವವರಿಗೆ ನಾನು ಕಲ್ಯಾಣದ ಚಾಲುಕ್ಯರನ್ನು ಎತ್ತಿ ತೋರಿಸುತ್ತೇನೆ. ಮೂರನೆಯ ಸೋಮೇಶ್ವರ, ಚಕ್ರವರ್ತಿ, 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರಾಜನಾದವನು ಮೈಗೆ ಏನೇನು ಬಳಿದುಕೊಳ್ಳಬೇಕೆಂದು ವಿಲೇಪನಕ್ಕೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಅವನಿಗೂ ಹಿಂದೆ, 1025ರ ಹೊತ್ತಿಗೆ, ಚಾವುಂಡರಾಯ ಎಂಬ ಕವಿ ಕನ್ನಡದಲ್ಲೇ ಬರೆದ ಲೋಕೋಪಕಾರದಲ್ಲಿ ಬಾವಿ ತೋಡುವ ವಿದ್ಯೆ, ದನದ ವೈದ್ಯ, ಅಡುಗೆ, ಇವುಗಳ ನಡುವೆ ಸುಗಂಧ ತಯಾರಿಸುವ ವಿಧಾನಗಳೂ ಇವೆ. ಸುಗಂಧವೂ ಲೋಕೋಪಕಾರವೇ ಎಂದು ಒಪ್ಪಿದ ಭಾಷೆ ನಮ್ಮದು. ಬಿಎಂಟಿಸಿ ಬಸ್ಸಿನಲ್ಲಿ ಸಾಯಂಕಾಲ ಆರು ಗಂಟೆಗೆ ನಿಂತವರು ಇದನ್ನು ಕೈಯೆತ್ತಿ ಅನುಮೋದಿಸುತ್ತಾರೆ. ಕೈಯೆತ್ತದೆ ಅನುಮೋದಿಸಿದರೆ ಇನ್ನೂ ಒಳ್ಳೆಯದು.

ಗಂಧದ ವಿಷಯಕ್ಕೆ ಬಂದರೆ ಮೈಸೂರಿನವರಿಗೆ ಸ್ವಲ್ಪ ಜಂಬ. ಇರಬೇಕಾದದ್ದೇ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಕೊರಡುಗಳು ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವವರು ಅವರು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಮರ ರಾಶಿ ಬಿತ್ತು. ನಾಲ್ವಡಿಯವರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು; ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಣ್ಣೆ ಇಳಿಸುವ ಪ್ರಯೋಗ ನಡೆದು, 1916-17ರ ಹೊತ್ತಿಗೆ ನಮ್ಮದೇ ಗಂಧದೆಣ್ಣೆ ಬಂತು. 1918ರಲ್ಲಿ ಸಾಬೂನೂ ಬಂತು. ಅದರ ಹಿಂದೆ, ಇಂಗ್ಲೆಂಡಿನಲ್ಲಿ ವಿದ್ಯೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಗುರುತಿಗೆ ಆನೆಯ ತಲೆ, ಸಿಂಹದ ಮೈಯ ಶರಭ. ಅಂದಿನಿಂದ ನಮ್ಮ ಬಚ್ಚಲುಗಳಲ್ಲಿ ಚಕ್ರವರ್ತಿಗಳ ವಿಲೇಪನ ಬಿಡಿ ಬಿಲ್ಲೆಯಾಗಿ ಸಿಗುತ್ತಿದೆ. ಕ್ಷೌರದಂಗಡಿಯಿಂದ ಬಂದವನ ಮೈಲಿಗೆಯನ್ನು ಅಜ್ಜಿ ತೊಳೆಯುತ್ತಿದ್ದದ್ದೂ ಇದೇ ಸಾಬೂನಿನಿಂದ. ಈಗ ಎರಡೂ ವಾಸನೆಯನ್ನು ಒಂದೇ ಸೀಸೆಯಲ್ಲಿ ಕೂಡಿಹಾಕಿರುವುದರಿಂದ ಸ್ನಾನದ ಖರ್ಚು ಉಳಿಯಿತು ಎಂದು ವಾದಿಸಿ ನೋಡಿದೆ. ಇವಳು ಒಪ್ಪಲಿಲ್ಲ.

ಸೀಸೆಯ ಮೇಲೆ ಗಂಧದ ಹೆಸರಿದೆ, ನಿಜ. ಒಳಗಿರುವ ಗಂಧ ಯಾವ ಊರಿನದು? ಚಾಮರಾಜನಗರದ ಕಾಡಿನದಂತೂ ಇರಲಾರದು. ಗಂಧದ ಮರ ಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಹೀರಿ ಬೆಳೆಯುವ ಜಾತಿ, ಒಳ್ಳೆಯ ತಿರುಳು ಕಟ್ಟಲು ದಶಕಗಳು ಬೇಕು. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದ ಮೇಲೆ, ಮರ ನಿಮ್ಮ ಹಿತ್ತಿಲಲ್ಲಿ ಹುಟ್ಟಿದರೂ ಒಡೆತನ ಸರ್ಕಾರದ್ದು. ಹಿತ್ತಿಲಲ್ಲಿ ಗಂಧದ ಸಸಿ ಕಂಡರೆ ಹಳ್ಳಿಯವರು ಸದ್ದಿಲ್ಲದೆ ಚಿವುಟುತ್ತಿದ್ದರು. ಸಂಬಳವಿಲ್ಲದ ಕಾವಲುಗಾರನಾಗಲು ಯಾರಿಗೆ ಬೇಕು? 2001ರಲ್ಲಿ ಕಾನೂನು ತಿದ್ದಿ, ಬೆಳೆದವನೇ ಒಡೆಯ ಎಂದಾಯಿತು. ಆದರೆ ಒಡೆಯನಿಗಿಂತ ಮೊದಲು ಗರಗಸ ಹಿಡಿದವನಿಗೆ ಮರದ ವಯಸ್ಸು ಗೊತ್ತಿರುತ್ತದೆ. ಇತ್ತ ಆಸ್ಟ್ರೇಲಿಯಾದವರು ತಮ್ಮ ವಾಯವ್ಯದ ಕುನುನುರಾದಲ್ಲಿ ನಮ್ಮ ಜಾತಿಯ ಗಂಧವನ್ನೇ ಸಾಲು ಸಾಲು ನೆಟ್ಟು ಕುಳಿತಿದ್ದಾರೆ. ಅದೂ ದುಬಾರಿಯಾದವರಿಗೆ ಜಾವನಾಲ್, ಎಬನಾಲ್, ಸ್ಯಾಂಡಲೋರ್ ಎಂಬ ಕೃತಕ ಅಣುಗಳಿವೆ. ಸೆಂಟಿನ ಅಂಗಡಿಗಳಲ್ಲಿ ಗಂಧವೆಂದು ಮಾರುವ ಬಹಳಷ್ಟರ ಬೆನ್ನೆಲುಬು ಇವೇ.

ಒಟ್ಟಿನಲ್ಲಿ ಬಾದಾಮಿ ಬಾದಾಮಿಯದಲ್ಲ, ಗಂಧ ಬಹುಶಃ ಗಂಧದ್ದಲ್ಲ, ಕ್ಷೌರದಂಗಡಿಯಂತೂ ಸೀಸೆಯಲ್ಲಿ ಹಿಡಿಸುವುದೇ ಇಲ್ಲ. ಆದರೂ ಆಟೋದವನಿಗೆ ಸತ್ಯನಾರಾಯಣ ಕಂಡ, ಅತ್ತೆಗೆ ಸದ್ಬುದ್ಧಿ ಕಂಡಿತು. ಏನೂ ಕಾಣದವನು ನಾನೊಬ್ಬನೇ. ಮೂಗಿನ ಕುಹಕ ಇದು. ಒಂದೇ ವಾಸನೆ ಸ್ವಲ್ಪ ಹೊತ್ತು ಎದುರಿಗಿದ್ದರೆ ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಹಾಕಿಕೊಂಡವನಿಗೆ ಸೆಂಟು ಮುಗಿಯಿತು ಎನ್ನಿಸುವ ಹೊತ್ತಿಗೆ ಲಿಫ್ಟಿನಲ್ಲಿದ್ದವರ ಕಣ್ಣಲ್ಲಿ ನೀರು. ಆಗ ಅವನು ಇನ್ನೆರಡು ಸಲ ಒತ್ತುತ್ತಾನೆ. ಲೋಕದಲ್ಲಿ ಅತಿಯಾಗಿ ಸೆಂಟು ಬಳಿದುಕೊಂಡವರೆಲ್ಲ ಹೀಗೆ ಹುಟ್ಟಿದವರೇ, ಯಾರೂ ದುಷ್ಟರಲ್ಲ. ನಮ್ಮ ಮನೆಯಲ್ಲಿ ಸೀಸೆ ಈಗ ಇವಳ ಬೀರುವಿನಲ್ಲಿದೆ. ಬೆಳಗ್ಗೆ ಮಾತ್ರೆಯ ಜೊತೆ ಕೊರಳಿಗೆ ಎರಡು ಹನಿ ಅವಳೇ ಹಾಕಿ ಕಳಿಸುತ್ತಾಳೆ. ಅವಳ ರೇಷ್ಮೆ ಸೀರೆಗಳಿಗೂ ಈಚೆಗೆ ಬಾದಾಮಿಯ ವಾಸನೆ ಹೇಗೆ ಬಂತು ಎಂದು ನಾನು ಕೇಳಿಲ್ಲ.

ಇಷ್ಟಾದ ಮೇಲೆ ಕ್ಷೌರಿಕರನ್ನೇ ಕೇಳದೆ ಈ ಪಂಚಾಯಿತಿ ಮುಗಿಯುವುದು ಹೇಗೆ? ನಮ್ಮ ಬಡಾವಣೆಯ ಅಂಗಡಿಯವರು ತಾತನ ಕಾಲದಿಂದ ಕತ್ತರಿ ಹಿಡಿದವರು. ಕುರ್ಚಿಯಲ್ಲಿ ಕೂತು, ಬಟ್ಟೆ ಹೊದೆಸುವ ಮುನ್ನ ಕೊರಳು ಚಾಚಿ, "ಯಜಮಾನ್ರೇ, ಇದು ಯಾವ ವಾಸನೆ ಹೇಳಿ ನೋಡೋಣ?" ಎಂದೆ. ಎರಡು ಸಲ ಮೂಸಿದರು.

"ಸ್ವೀಟ್ ಸ್ಟಾಲು."

"ಅಲ್ಲ, ಸರಿಯಾಗಿ ನೋಡಿ. ಇದು ನಿಮ್ಮದೇ ವಾಸನೆ. ಕ್ಷೌರದಂಗಡಿ ಸೆಂಟು. ಫಾರಿನ್ನಿಂದ ಬಂದದ್ದು."

ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಎನ್ನಿಸುತ್ತ ನಕ್ಕರು. "ನಮ್ಮಂಗ್ಡಿ ವಾಸ್ನೆ ಸೀಸೇಲಿ ಬೇಕಾ ಸಾರ್? ಬರ್ಕೊಳಿ. ಬೆಳಗ್ಗೆ ಊದುಬತ್ತಿ, ಒಂಬತ್ತು ಗಂಟೆಗೆ ಡೆಟಾಲು. ಆಮೇಲೆ ಒದ್ದೆ ಟವಲು, ಪಟಿಕ, ತಲೆಗೆ ತಟ್ಟೋ ತಣ್ಣನೆ ಎಣ್ಣೆ. ಹನ್ನೆರಡಾದ್ರೆ ಪಕ್ಕದ ಹೋಟ್ಲಿನ ಸಾಂಬಾರ್ ಒಗ್ಗರಣೆ ನೇರ ಒಳಕ್ಕೇ ಬರುತ್ತೆ. ಕರೆಂಟ್ ಹೋದ್ರೆ ಗಿರಾಕಿಗಳ ವಾಸ್ನೆ. ಮಂಗಳವಾರ ರಜ, ಅವತ್ತು ಬರೀ ಫಿನಾಯಿಲು."

"ನೀವು ಏನೂ ಹಾಕ್ಕೊಳ್ಳಲ್ವಾ?"

"ನಾನಾ? ನನ್ನ ಕೈ ದಿನವೆಲ್ಲ ಇನ್ನೊಬ್ಬರ ಮೂಗಿನ ಕೆಳಗೇ ಇರುತ್ತೆ ಸಾರ್. ಏನಾದ್ರೂ ಹಚ್ಕೊಂಡ್ರೆ ಗಿರಾಕಿ ಸೀನ್ತಾನೆ. ಕತ್ತಿ ಕೊರಳ ಮೇಲಿರುವಾಗ ಸೀನಿದ್ರೆ ಗೊತ್ತಲ್ಲ."

ಗೊತ್ತಾಯಿತು. ಕೊರಳನ್ನು ಹಿಂದಕ್ಕೆ ಎಳೆದುಕೊಂಡೆ. ಆದರೂ ಫಾರಿನ್ ಸೀಸೆಯ ಮಾನ ಉಳಿಸಬೇಕಲ್ಲ. ವಿಜ್ಞಾನದ ಮೊರೆ ಹೋದೆ. 2018ರಲ್ಲಿ ನೇಚರ್ ಕಮ್ಯೂನಿಕೇಷನ್ಸ್ ಎಂಬ ದೊಡ್ಡ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದಿದೆ ಎಂದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಿಗಳಿವೆಯಲ್ಲ, ಅಂಥದ್ದೊಂದು ಕೂದಲ ಬುಡದಲ್ಲೂ ಇದೆ. ತಲೆಯ ಚರ್ಮದಿಂದ ತೆಗೆದ ಕೂದಲ ಬುಡಗಳನ್ನು ಲ್ಯಾಬಿನಲ್ಲಿಟ್ಟು, ಸ್ಯಾಂಡಲೋರ್ ಎಂಬ ಕೃತಕ ಗಂಧ ತಾಕಿಸಿದರೆ, ಕೂದಲು ಬೆಳೆಯುವ ಅವಧಿಯೇ ಉದ್ದವಾಯಿತಂತೆ ಎಂದು ವಿವರಿಸಿದೆ. ಅವರು ಕತ್ತರಿ ನಿಲ್ಲಿಸಿ ಗಂಭೀರವಾಗಿ ಕೇಳಿಸಿಕೊಂಡರು. ಬೆನ್ನ ಹಿಂದೆ ಹಿಡಿಯುವ ಕನ್ನಡಿ ತಂದು, ನನ್ನ ನಡುನೆತ್ತಿಯ ಬಯಲನ್ನು ನನಗೇ ಎಡಬಲ ತಿರುಗಿಸಿ ತೋರಿಸಿದರು.

"ಹಂಗಿದ್ಮೇಲೆ ಕೊರಳಿಗ್ಯಾಕೆ ಹೊಡ್ಕೊಂಡ್ರಿ ಸಾರ್? ಮೇಲಕ್ಕೆ ಹೊಡ್ಕೊಳಿ. ನಮಗೂ ನಾಕು ಕಾಸು ವ್ಯಾಪಾರ ಆಗ್ಲಿ."